ನೂರೊಂದು ಕಾರುಗಳ ಪಾಠ

ಪಂದ್ಯದ ಕಾರಿನ ಮಾತು ನಮಗೇಕೆ ಎಂದು ಕೆಲವರು ಕೇಳಿಯಾರು. ಗಿರಣಿಯಲ್ಲಿ ಪಾಳಿ ದುಡಿಯುವವನಿಗೂ, ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಹಿಡಿದು ಕೂರುವ ಅಂಗಡಿಕಾರನಿಗೂ ಅದರಿಂದ ಆಗಬೇಕಾದ್ದೇನು? ಆದರೆ ನಾನು ಹೇಳಹೊರಟಿರುವ ಕಾರು ಹುಟ್ಟಿದ್ದು ಕೋಟ್ಯಧೀಶರ ಕಾರ್ಖಾನೆಯಲ್ಲಿ ಅಲ್ಲ. ಸಮಾಜವಾದದ ಹೆಸರಿನಲ್ಲಿ ಆಳುತ್ತಿದ್ದ ಪೂರ್ವ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ, ಒಂದು ಸಣ್ಣ ವರ್ಕ್‌ಷಾಪಿನಲ್ಲಿ. ಆದಕಾರಣ ಸಮಾಜವಾದವನ್ನು ನಂಬಿದವರು ಇದರ ಜಮಾ ಖರ್ಚನ್ನು ಬೇರೆಯವರಿಗಿಂತ ಮೊದಲು ನೋಡಬೇಕು.

ಆ ಕಾರಿನ ಹೆಸರು ಮೆಲ್ಕುಸ್ ಆರ್‌ಎಸ್ 1000. ಅದನ್ನು ಕಟ್ಟಿಸಿದವನು ಹೈನ್ಸ್ ಮೆಲ್ಕುಸ್. 1928ರಲ್ಲಿ ಹುಟ್ಟಿದ ಈತ ಡ್ರೈವಿಂಗ್ ಕಲಿಸುವ ಶಾಲೆ ನಡೆಸುತ್ತಿದ್ದ. ಜೊತೆಗೆ ಮೋಟಾರು ಪಂದ್ಯಗಳಲ್ಲಿ ಓಡಿಸಿ ಹಲವು ಸಲ ದೇಶದ ಚಾಂಪಿಯನ್ ಆಗಿದ್ದ. ಪಂದ್ಯದ ಕಾರುಗಳನ್ನು ತನ್ನ ವರ್ಕ್‌ಷಾಪಿನಲ್ಲೇ ಕಟ್ಟಿಕೊಳ್ಳುತ್ತಿದ್ದ. 1969ರಲ್ಲಿ, ಆ ಗಣರಾಜ್ಯಕ್ಕೆ 20 ವರ್ಷ ತುಂಬಿದಾಗ, ರಸ್ತೆಯಲ್ಲೂ ಪಂದ್ಯದಲ್ಲೂ ಓಡಬಲ್ಲ ಈ ಕಾರನ್ನು ಹೊರತಂದ.

ಇದರ ಒಳಗೆ ಇದ್ದದ್ದೇನು? ಬಹುಪಾಲು ವಾರ್ಟ್‌ಬರ್ಗ್ 353ರ ಸಾಮಾನು. ವಾರ್ಟ್‌ಬರ್ಗ್ ಎಂದರೆ ಐಸೆನಾಖ್ ಊರಿನ ಸರಕಾರಿ ಕಾರ್ಖಾನೆ ಮಾಡುತ್ತಿದ್ದ ಸಂಸಾರಸ್ಥರ ಕಾರು. ಅದರ ಮೂರು ಸಿಲಿಂಡರಿನ, 992 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್ನೇ ಇದಕ್ಕೂ. ಹಳೆಯ ಮೋಟಾರ್ ಸೈಕಲ್ಲಿಗೆ ಹಾಕುವಂತೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಎಂಜಿನ್ ಅದು. ವಾರ್ಟ್‌ಬರ್ಗ್‌ನಲ್ಲಿ ಅದು ಮುಂದೆ ಇರುತ್ತಿತ್ತು. ಇಲ್ಲಿ ಅದನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದರು. 50 ಅಶ್ವಶಕ್ತಿಯ ಎಂಜಿನ್ನನ್ನು ತಿದ್ದಿ ತೀಡಿ 70ಕ್ಕೆ ಏರಿಸಿದರು. ಮೈಗೆ ಭಾರದ ತಗಡಿನ ಬದಲು ಹಗುರವಾದ ಫೈಬರ್ ಗ್ಲಾಸ್. ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತಿದ್ದವು. ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗ. ಎಂಜಿನ್ನಿನ ಗಾತ್ರ ಗೊತ್ತಿರುವ ಯಾವ ಫಿಟ್ಟರನೂ ಇದನ್ನು ಕೇಳಿ ಹುಬ್ಬೇರಿಸದೆ ಇರಲಾರ. ಊರಿಗೆಲ್ಲ ಸಿಗುವ ಸಾಮಾನಿನಿಂದ ಊರಿಗೇ ಇಲ್ಲದ ವಸ್ತುವನ್ನು ಮಾಡುವುದು ಕೈಕಸುಬಿನ ಹೆಚ್ಚುಗಾರಿಕೆ.

1979ರಲ್ಲಿ ಈ ಕೆಲಸ ನಿಂತಿತು. ಹತ್ತು ವರ್ಷದಲ್ಲಿ ತಯಾರಾದದ್ದು ಒಟ್ಟು 101 ಕಾರು, ಅಂದರೆ ವರ್ಷಕ್ಕೆ ಹತ್ತು. ಬೆಲೆ ಸುಮಾರು 30,000 ಮಾರ್ಕ್. ಅದೇ ಕಾಲದಲ್ಲಿ ಆ ದೇಶದ ಕಾರ್ಮಿಕನು ಪುಟ್ಟ ಟ್ರಾಬಾಂಟ್ ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಮೀರಿ ಕಾಯುತ್ತಿದ್ದ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಜನರಿಗೆ ಓಡಾಡಲು ಕಾರಿಲ್ಲದಾಗ ಪಂದ್ಯದ ಕಾರು ಕಟ್ಟುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತಲ್ಲವೇ? ಕೇಳಬೇಕಾದ ಪ್ರಶ್ನೆಯೇ. ಆದರೆ ಲೆಕ್ಕ ಹಾಕಿ ನೋಡೋಣ. ಐಸೆನಾಖ್‌ನಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಕಾರು ತಯಾರಾಗುತ್ತಿದ್ದಾಗ ಮೆಲ್ಕುಸ್ ಬಳಸಿದ್ದು ಹತ್ತು ಕಾರಿನ ಸಾಮಾನು. ಅದನ್ನು ನಿಲ್ಲಿಸಿದ್ದರೆ ಕಾಯುವವರ ಸಾಲು ಒಂದು ಗೇಣೂ ಕರಗುತ್ತಿರಲಿಲ್ಲ.

ಸಾಲನ್ನು ಬೆಳೆಸಿದವರು ಮೇಲಿನ ಕುರ್ಚಿಗಳಲ್ಲಿದ್ದರು. ಟ್ರಾಬಾಂಟ್ ತಯಾರಿಸುತ್ತಿದ್ದ ಟ್ಸ್ವಿಕಾವ್ ಕಾರ್ಖಾನೆಯ ಎಂಜಿನಿಯರುಗಳು ಪಿ 603 ಎಂಬ ಹೊಸ ಮಾದರಿಯನ್ನು ಕಟ್ಟಿ ತೋರಿಸಿದ್ದರು. 1968ರಲ್ಲಿ ಮೇಲಿನಿಂದ ಆಜ್ಞೆ ಬಂತು, ಕೆಲಸ ನಿಂತಿತು. 1964ರಲ್ಲಿ ಬಂದ ಟ್ರಾಬಾಂಟ್ 601 ಹೆಚ್ಚು ಬದಲಾವಣೆಯಿಲ್ಲದೆ 1990ರವರೆಗೆ ಅದೇ ಹೊಗೆ ಬಿಡುತ್ತಾ ಹೊರಬರುತ್ತಲೇ ಇತ್ತು. ಬಲ್ಲ ಕೈಗಳಿಗೆ ಆ ದೇಶದಲ್ಲಿ ಬರವಿರಲಿಲ್ಲ. ಡ್ರೆಸ್ಡೆನ್‌ನ 101 ಕಾರುಗಳೇ ಅದಕ್ಕೆ ಸಾಕ್ಷಿ. ಕಾರ್ಮಿಕನ ಹೆಸರಿನಲ್ಲಿ ಆಳುವವರು ಕಾರ್ಮಿಕನ ಬುದ್ಧಿಯ ಮೇಲೆಯೇ ನಂಬಿಕೆ ಇಡಲಿಲ್ಲ. ಅದನ್ನು ಸಮಾಜವಾದ ಎನ್ನಲಾಗದು; ಅದು ಕಚೇರಿಗಳ ಆಳ್ವಿಕೆ.

ಹಾಗಾದರೆ ಬಂಡವಾಳಶಾಹಿಯು ಆ ಕೈಗಳನ್ನು ಕಾಪಾಡಿತೇ? ಅದನ್ನೂ ನೋಡಿಬಿಡೋಣ. 1990ರಲ್ಲಿ ಎರಡು ಜರ್ಮನಿಗಳು ಒಂದಾದವು. ಮರು ವರ್ಷವೇ, 1991ರಲ್ಲಿ, ವಾರ್ಟ್‌ಬರ್ಗ್, ಟ್ರಾಬಾಂಟ್ ಎರಡರ ತಯಾರಿಕೆಯೂ ನಿಂತುಹೋಯಿತು. ಕಾರು ಹಳತಾಗಿತ್ತು, ನಿಜ. ಆದರೆ ಅದನ್ನು ಕಟ್ಟುತ್ತಿದ್ದ ಸಾವಿರಾರು ಜನರ ಕಸುಬು ಹಳತಾಗಿರಲಿಲ್ಲ. ಹೈನ್ಸ್ ಮೆಲ್ಕುಸ್ 2005ರಲ್ಲಿ ತೀರಿಕೊಂಡ. ಅವನ ಮನೆಯವರು 2009ರಲ್ಲಿ ಆರ್‌ಎಸ್ 2000 ಎಂಬ ಹೊಸ ಕಾರನ್ನು ಹೊರತಂದರು. ಬೆಲೆ ಲಕ್ಷ ಯೂರೋಗೂ ಮಿಗಿಲು. 2012ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಳೆಯ ವ್ಯವಸ್ಥೆಯಲ್ಲಿ ಸಣ್ಣ ವರ್ಕ್‌ಷಾಪು ಸಾಮಾನಿಗಾಗಿ ಕಚೇರಿಯ ಕೃಪೆ ಕಾಯಬೇಕಿತ್ತು. ಹೊಸ ವ್ಯವಸ್ಥೆಯಲ್ಲಿ ಸಾಹುಕಾರನ ಕೃಪೆ. ಒಡೆಯ ಬದಲಾದ, ಬಾಗಿಲಲ್ಲಿ ಕಾಯುವುದು ತಪ್ಪಲಿಲ್ಲ.

ಓದುಗ ಬಾಂಧವರೇ, ಈ ಲೆಕ್ಕದಲ್ಲಿ ನಮಗೆ ಉಳಿಯುವುದೇನು? ದೊಡ್ಡ ಕಾರ್ಖಾನೆ ಸಮಾಜದ ಸ್ವತ್ತಾಗಬೇಕು ಎಂಬ ನಮ್ಮ ಮಾತು ಸರಿಯೇ. ಆದರೆ ಸ್ವತ್ತಿನ ಪತ್ರ ಬದಲಾದ ಮಾತ್ರಕ್ಕೆ ದುಡಿಯುವವನು ಯಜಮಾನನಾಗುವುದಿಲ್ಲ. ಯಂತ್ರದ ಮುಂದೆ ನಿಂತವನು ಹೇಳುವ ಸುಧಾರಣೆಯನ್ನು ಕಿವಿಗೊಟ್ಟು ಕೇಳುವ ಕಮಿಟಿ ಬೇಕು. ಮೇಲಿನವರು ಅದನ್ನು ತಳ್ಳಿಹಾಕಿದರೆ ಕಾರಣ ಕೇಳುವ ಹಕ್ಕು ಅವನಿಗೆ ಬೇಕು. ಹತ್ತು ಜನರ ಸಣ್ಣ ವರ್ಕ್‌ಷಾಪಿಗೂ, ನಾಲ್ಕು ಗೋಡೆಯ ಅಂಗಡಿಗೂ ಯೋಜನೆಯೊಳಗೆ ಜಾಗ ಬೇಕು. ಅವರಿಗೆ ಕಚ್ಚಾ ಸಾಮಾನು ಹಕ್ಕಾಗಿ ಸಿಗಬೇಕು, ದಯೆಯಾಗಿ ಅಲ್ಲ. ಇಷ್ಟನ್ನು ಬರವಣಿಗೆಯಲ್ಲಿ ಕೊಡದ ಯಾವ ಯೋಜನೆಗೂ, ಅದು ಯಾವ ಬಣ್ಣದ ಬಾವುಟ ಹಿಡಿದು ಬಂದರೂ, ನಾವು ಕೈ ಎತ್ತಬಾರದು.