ಹಡಗಿನ ಸೂಟ್‌ನಲ್ಲಿ ಮೂರು ರಾತ್ರಿ: ನಾವು ಕೊಂಡದ್ದು ಏನನ್ನು?

ಪಣಂಬೂರಿನ ನವ ಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬಂದಾಗಲೆಲ್ಲ ನಮ್ಮ ಕಡೆಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ. ಇಷ್ಟು ಪ್ರಯಾಣಿಕರು, ಇಷ್ಟು ಸಿಬ್ಬಂದಿ. ಚೆಂಡೆ ಬಡಿದು ಸ್ವಾಗತ, ಯಕ್ಷಗಾನದ ವೇಷದ ಪಕ್ಕ ನಿಂತು ಫೋಟೊ, ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ, ಸಂಜೆಗೆ ಹಡಗು ವಾಪಸ್. ಪತ್ರಿಕೋದ್ಯಮ ಓದುವಾಗ ಇಂಟರ್ನ್‌ಶಿಪ್‌ಗೆ ಹೋದ ನಾವೂ ಈ ಸುದ್ದಿ ಬರೆದಿದ್ದೇವೆ. ಸಿಬ್ಬಂದಿಯ ಸಂಖ್ಯೆಯನ್ನು ತಪ್ಪಿಲ್ಲದೆ ಬರೆದೆವು. ಅವರಲ್ಲಿ ಒಬ್ಬರನ್ನೂ ಮಾತಾಡಿಸಲಿಲ್ಲ.

ಕಳೆದ ಮಾರ್ಚ್‌ನಲ್ಲಿ ನಮ್ಮ ಬಳಗದ ನಾವಿಬ್ಬರು ಅಂಥದೇ ಒಂದು ಹಡಗಿನ ಒಳಗಿದ್ದೆವು. ಸಿಂಗಾಪುರದಿಂದ ಮಲೇಷ್ಯಾದ ಪೆನಾಂಗ್‌ಗೆ ಹೋಗಿ ಮರಳುವ ಮೂರು ರಾತ್ರಿಯ ಪ್ರಯಾಣ. ಹೋಗಲು ಕಾರಣ ನಮ್ಮ ಜತೆ ಓದಿದ ಗೆಳೆಯ. ಅವನು ಆ ಹಡಗಿನಲ್ಲಿ ಕೋಣೆಗಳನ್ನು ಶುಚಿ ಮಾಡುವ ಅಟೆಂಡೆಂಟ್. ಸಿಬ್ಬಂದಿಯ ಕಡೆಯವರಿಗೆ ಸಿಗುವ ರಿಯಾಯಿತಿಯಲ್ಲಿ ಅವನೇ ನಮಗೆ ಎಲ್ಲಕ್ಕಿಂತ ಅಗ್ಗದ, ಕಿಟಕಿಯಿಲ್ಲದ ಒಳಕೋಣೆಯನ್ನು ಬುಕ್ ಮಾಡಿಸಿದ್ದ. ಹಡಗಿನಲ್ಲಿ ಕಿಟಕಿಗೆ ಬೆಲೆ ಉಂಟು. ಕಿಟಕಿ ಇಲ್ಲದ್ದು ಒಂದು ದರ, ಕಿಟಕಿ ಇದ್ದದ್ದು ಇನ್ನೊಂದು, ಬಾಲ್ಕನಿ ಇದ್ದರೆ ಮತ್ತೊಂದು, ಅದರ ಮೇಲೆ ಸೂಟ್. ಹೊರಡಲು ಕೆಲವು ದಿನ ಇರುವಾಗ ಕಂಪನಿಯಿಂದ ಇಮೇಲ್ ಬಂತು. ಮಾರಾಟವಾಗದೆ ಉಳಿದ ಸೂಟ್‌ಗಳಿವೆ, ಎಷ್ಟು ಹೆಚ್ಚು ಕೊಡುತ್ತೀರಿ ಎಂದು ಬಿಡ್ ಹಾಕಿ ಅಂತ. ಖಾಲಿ ಕೋಣೆ ಹೊತ್ತು ಹೋಗುವುದಕ್ಕಿಂತ ಬಂದಷ್ಟು ಬರಲಿ ಎಂಬ ಲೆಕ್ಕ ಅದು. ತಮಾಷೆಗೆ ಅತಿ ಕಡಿಮೆ ಮೊತ್ತ ಹಾಕಿದೆವು. ಅದೃಷ್ಟವೋ ಏನೋ, ಸಿಕ್ಕಿಬಿಟ್ಟಿತು.

ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಸೂಟ್ ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು. ನಮ್ಮ ಹಾಸ್ಟೆಲಿನಲ್ಲಿ ಎಂಟು ಜನ ಮಲಗುತ್ತಿದ್ದ ಹಾಲ್‌ಗಿಂತ ದೊಡ್ಡದು. ಗೋಡೆಯಷ್ಟು ದೊಡ್ಡ ಗಾಜು, ಅದರಾಚೆ ಬಾಲ್ಕನಿ, ಬಾಲ್ಕನಿಯಾಚೆ ಮಲಕ್ಕಾ ಜಲಸಂಧಿ. ಸಾಲಾಗಿ ಹೋಗುವ ಸರಕು ಹಡಗುಗಳನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಸ್ನಾನದ ಕೋಣೆಯಲ್ಲಿ ಒಬ್ಬರು ಉದ್ದಕ್ಕೆ ಮಲಗಬಹುದಾದ ಟಬ್. ಸಮುದ್ರದ ಉಪ್ಪುನೀರನ್ನೇ ಸಿಹಿ ಮಾಡಿಕೊಳ್ಳುವ ಯಂತ್ರಗಳು ಹಡಗಿನಲ್ಲೇ ಇರುತ್ತವೆ ಎಂದು ಓದಿದ್ದೆವು. ಆದರೂ ಮಾರ್ಚ್ ಕಳೆದರೆ ಬಾವಿಯ ತಳ ಕಾಣುವ ಊರಿನವರಿಗೆ ಅಷ್ಟು ನೀರು ತುಂಬಿಸಲು ಕೈ ಬರಲಿಲ್ಲ. ಎರಡನೇ ದಿನ ಬಂತು. ಅಷ್ಟು ಬೇಗ ರೂಢಿಯಾಗುತ್ತದೆ.

ಆದರೆ ಮೂರು ದಿನ ಇದ್ದು ನಮಗೆ ಅನಿಸಿದ್ದು ಬೇರೆ. ಸೂಟ್ ಎಂದು ಮಾರುವುದು ಹಾಸಿಗೆಯನ್ನಲ್ಲ, ಟಬ್ಬನ್ನೂ ಅಲ್ಲ. ಮಾರುವುದು ಎರಡು ವಸ್ತುಗಳನ್ನು.

ಒಂದು, ಕ್ಯೂ ಇಲ್ಲದಿರುವುದು. ನಮ್ಮ ಬದುಕಿನ ಅರ್ಧ ಕ್ಯೂನಲ್ಲಿ ಕಳೆದಿದೆ. ರೇಷನ್ ಅಂಗಡಿ, ತಾಲೂಕು ಕಚೇರಿ, ಜಿಲ್ಲಾಸ್ಪತ್ರೆಯ ಚೀಟಿ ಕೌಂಟರ್, ಸ್ಕಾಲರ್‌ಶಿಪ್ ಅರ್ಜಿ. ಸಿಂಗಾಪುರದ ಬಂದರಿನಲ್ಲಿ ಸಾವಿರಾರು ಜನ ಹಾವಿನ ಹಾಗೆ ಸುತ್ತಿದ ಸಾಲಿನಲ್ಲಿ ನಿಂತಿದ್ದರು. ನಮ್ಮ ಕಾಗದ ನೋಡಿದ ಹುಡುಗಿ ನಗುತ್ತಾ ಬೇರೆ ಬಾಗಿಲಿಗೆ ಕರೆದೊಯ್ದಳು. ಹತ್ತೇ ನಿಮಿಷ. ಬೇರೆ ಬಣ್ಣದ ಕೀ ಕಾರ್ಡ್, ಬೇರೆ ಊಟದ ಹಾಲ್, ಹಡಗಿನ ನೆತ್ತಿಯಲ್ಲಿ ಬೇರೆ ಈಜುಕೊಳ. ಸಾಲಿನಲ್ಲಿದ್ದ ಒಂದು ಮಗು ನಮ್ಮನ್ನೇ ನೋಡುತ್ತಿತ್ತು. ನಾವು ಆ ಕಡೆ ನೋಡದೆ ನಡೆದೆವು.

ಇದು ಹೊಸತೇನಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಸ್ವಂತ ಪಡಸಾಲೆ ಇದ್ದ ಸೂಟ್‌ಗಳಿದ್ದವು, ತಳದಲ್ಲಿ ಮೂರನೇ ದರ್ಜೆ ಇತ್ತು. ಮುಳುಗುವ ರಾತ್ರಿ ಕೂಡ ದರ್ಜೆ ಅಳಿಯಲಿಲ್ಲ. ಮೊದಲ ದರ್ಜೆಯಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಜನ ಉಳಿದರೆ ಮೂರನೇ ದರ್ಜೆಯಲ್ಲಿ ಉಳಿದವರು ಸುಮಾರು 25. ಆಮೇಲಿನ ಕಾಲದಲ್ಲಿ ವಿಮಾನಗಳು ಬಂದು, ಹಡಗು ಊರು ತಲುಪಿಸುವ ವಾಹನವಾಗಿ ಉಳಿಯದೆ ರಜೆ ಕಳೆಯುವ ಜಾಗವಾಯಿತು. ಟಿಕೆಟ್ ಕೊಂಡವರೆಲ್ಲ ಒಂದೇ ಹಾಲಿನಲ್ಲಿ ಉಣ್ಣುವ, ಒಂದೇ ಡೆಕ್ಕಿನಲ್ಲಿ ಅಡ್ಡಾಡುವ ರೂಢಿ ಬಹುಪಾಲು ಹಡಗುಗಳಲ್ಲಿ ಬಂತು. ಈಗ ಗಾಳಿ ಮತ್ತೆ ಹಿಂದಕ್ಕೆ ಬೀಸಿದೆ. ಎಂಎಸ್‌ಸಿಯ ಯಾಟ್ ಕ್ಲಬ್, ನಾರ್ವೇಜಿಯನ್ ಕಂಪನಿಯ ಹೇವನ್ ಇವೆಲ್ಲ ಹಡಗಿನೊಳಗಿನ ಹಡಗುಗಳು. ಬಾಗಿಲು ತೆರೆಯಲು ಆ ಕಾರ್ಡೇ ಬೇಕು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಪ್ರಯಾಣ ಹೊರಟ ಐಕಾನ್ ಆಫ್ ದ ಸೀಸ್‌ನಲ್ಲಿ 20 ಡೆಕ್‌ಗಳಿವೆ. ಒಂದೇ ಕುಟುಂಬಕ್ಕೆಂದು ಮೂರು ಅಂತಸ್ತಿನ ಸೂಟ್ ಇದೆ, ಮಕ್ಕಳು ಮೇಲಿಂದ ಜಾರಿ ಬರಲು ಕೋಣೆಯೊಳಗೇ ಜಾರುಬಂಡೆ ಇದೆ. ತುಂಬಿದಾಗ ಅದರಲ್ಲಿ 7,600 ಪ್ರಯಾಣಿಕರು, 2,350 ಸಿಬ್ಬಂದಿ.

ಎರಡನೆಯದು, ದುಡಿಮೆ ಕಣ್ಣಿಗೆ ಬೀಳದಿರುವುದು. ತಿಂಡಿಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆ ಸರಿಯಾಗಿರುತ್ತಿತ್ತು. ರಾತ್ರಿ ಊಟ ಮುಗಿಸಿ ಬಂದರೆ ಪರದೆ ಎಳೆದು, ದೀಪ ಮಂಕು ಮಾಡಿ, ಟವೆಲ್‌ನಲ್ಲಿ ಆನೆಯೋ ಕೋತಿಯೋ ಮಾಡಿ ಇಟ್ಟಿರುತ್ತಿದ್ದರು. ಮಾಡಿದವರು ಕಾಣುತ್ತಿರಲಿಲ್ಲ. ಹಡಗಿನ ಕೆಳಗೆ ಸಿಬ್ಬಂದಿಗೇ ಬೇರೆ ಓಣಿ, ಬೇರೆ ಮೆಟ್ಟಿಲು, ಬೇರೆ ಊಟದ ಮನೆ ಇರುತ್ತದೆ. ಕೆಲಸ ಇಲ್ಲದೆ ಅವರು ಮೇಲೆ ಬರುವಂತಿಲ್ಲ, ನಾವು ಕೆಳಗೆ ಇಳಿಯುವಂತಿಲ್ಲ.

ಮೊದಲ ದಿನ ಓಣಿಯಲ್ಲಿ ಗೆಳೆಯ ಎದುರಾದ. ಟ್ರಾಲಿ ತಳ್ಳುತ್ತಾ ಬರುತ್ತಿದ್ದ, ಹಿಂದೆ ಅವನ ಸೂಪರ್‌ವೈಸರ್. ನಾವು ಇನ್ನೇನು ಹೆಸರು ಹಿಡಿದು ಕೂಗಬೇಕು, ಅಷ್ಟರಲ್ಲಿ ಅವನು "ಗುಡ್ ಆಫ್ಟರ್‌ನೂನ್ ಸರ್" ಎಂದು ತಲೆ ಬಾಗಿಸಿ ಗೋಡೆಗೆ ಸರಿದು ದಾರಿ ಬಿಟ್ಟ. ಮೂರು ವರ್ಷ ಒಂದೇ ಬಕೆಟ್‌ನಲ್ಲಿ ಬಟ್ಟೆ ನೆನೆಹಾಕಿದವನು. ವರದಿಗಾರಿಕೆಯ ಪೇಪರಿನಲ್ಲಿ ನಮಗಿಂತ ಹೆಚ್ಚು ಅಂಕ ತೆಗೆದವನು. ಡಿಗ್ರಿ ಮುಗಿಸಿ ಎರಡು ವರ್ಷ ಪತ್ರಿಕೆಯೊಂದರಲ್ಲಿ ದುಡಿದ. ಬರುತ್ತಿದ್ದ ಸಂಬಳ ರೂಮಿನ ಬಾಡಿಗೆಗೂ ಮೆಸ್ಸಿಗೂ ಸರಿಹೋಗುತ್ತಿತ್ತು. ಮನೆಯ ಮಾಡು ಸೋರುತ್ತಿತ್ತು, ತಂಗಿಯ ನರ್ಸಿಂಗ್ ಓದು ಬಾಕಿ ಇತ್ತು. ಒಂದು ದಿನ "ನಾನು ಶಿಪ್ಪಿಗೆ ಹೋಗ್ತೇನೆ" ಎಂದ. ಕರಾವಳಿಯಲ್ಲಿ ಇದು ಅಪರೂಪದ ಮಾತೇನಲ್ಲ. ನಮ್ಮ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡಿದ ಹುಡುಗರಲ್ಲಿ ಬಹಳ ಮಂದಿಯ ಕಣ್ಣು ಶಿಪ್ಪಿನ ಮೇಲೆಯೇ.

ಎರಡನೇ ದಿನ ಮಧ್ಯಾಹ್ನ ಹಡಗು ಪೆನಾಂಗ್‌ನ ಜಾರ್ಜ್‌ಟೌನ್ ತಲುಪಿತು. ಬಂದರಿಗೆ ಬಂದಾಗಲೂ ತುರ್ತು ಬಂದರೆ ಬೇಕೆಂದು ಸಿಬ್ಬಂದಿಯಲ್ಲಿ ಒಂದು ಪಾಲು ಸರದಿಯಂತೆ ಹಡಗಿನಲ್ಲೇ ಇರಬೇಕು. ಅವನ ಸರದಿ ಅಂದು ಇರಲಿಲ್ಲ. ಎರಡು ಗಂಟೆ ಬಿಡುವು. ಬಂದರಿನಿಂದ ನಡೆದು ಲಿಟಲ್ ಇಂಡಿಯಾದ ಒಂದು ಹೋಟೆಲಿಗೆ ಹೋದೆವು. ಬಾಳೆಎಲೆ ಊಟ. ಅವನು ಮೊದಲು ಕೇಳಿದ್ದು ವೈಫೈ ಪಾಸ್‌ವರ್ಡ್. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ನಮ್ಮನ್ನು ತೋರಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿದ.

ಅವನು ಹೇಳಿದ ಲೆಕ್ಕ ಇದು. ಒಂಬತ್ತು ತಿಂಗಳ ಕರಾರು, ವಾರದ ರಜೆ ಎಂಬುದಿಲ್ಲ. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನ ಕೆಲಸಗಾರರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ವಾರಕ್ಕೆ ಇರುವುದು 168 ಗಂಟೆ. 77 ಕಳೆದರೆ ಉಳಿಯುವುದು 91. ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಬೇಕು ಎಂದು ದೊಡ್ಡವರು ಹೇಳಿದಾಗ ನಮ್ಮ ದೇಶದಲ್ಲಿ ಎಷ್ಟು ಗದ್ದಲವಾಯಿತು! ಸಮುದ್ರದಲ್ಲಿ ನಿಯಮ ಮುರಿಯದೆಯೇ ಅಷ್ಟು ದುಡಿಸಬಹುದು. ಜತೆಗೆ ಹಡಗು ಯಾವ ದೇಶದ ಕಂಪನಿಯದ್ದಾದರೂ ಬಾವುಟ ಸಾಮಾನ್ಯವಾಗಿ ಬಹಾಮಾಸ್‌ದೋ ಪನಾಮಾದ್ದೋ ಮಾಲ್ಟಾದ್ದೋ ಇರುತ್ತದೆ. ಒಳಗೆ ನಡೆಯುವುದು ಆ ಬಾವುಟದ ಕಾನೂನು.

"ನಿನ್ನ ರೂಮು ಹೇಗುಂಟು?" ಎಂದು ಕೇಳಿದೆವು.

"ನೀರಿನ ಮಟ್ಟಕ್ಕಿಂತ ಕೆಳಗೆ ಮಾರಾಯ. ಇಬ್ಬರಿಗೆ ಒಂದು, ಮೇಲೆ ಕೆಳಗೆ ಬಂಕು. ಕಿಟಕಿ ಇಲ್ಲ. ಎದ್ದ ಕೂಡಲೇ ಟಿವಿ ಹಾಕ್ತೇನೆ, ಹಡಗಿನ ಮುಂದಿನ ಕ್ಯಾಮೆರಾದ ಚಾನೆಲ್ ಉಂಟು. ಅದರಲ್ಲಿ ನೋಡಿದ್ರೆ ಬೆಳಕಾಯ್ತಾ ಇಲ್ವಾ ಗೊತ್ತಾಗ್ತದೆ."

ನಮ್ಮ ಮುಖ ಬಾಡಿದ್ದನ್ನು ನೋಡಿ ನಕ್ಕ. "ನೀವು ಬರೀತೀರಿ ಅಂತ ಗೊತ್ತು. ಬರೀರಿ. ಆದ್ರೆ ಪಾಪ ಅಂತ ಮಾತ್ರ ಬರೀಬೇಡಿ. ಮಾಡು ರಿಪೇರಿ ಆಯ್ತು, ತಂಗಿ ಕೆಲಸಕ್ಕೆ ಸೇರಿದ್ಳು. ಪತ್ರಿಕೆಯಲ್ಲೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?"

ಇಲ್ಲ, ಆಗುತ್ತಿರಲಿಲ್ಲ. ಆದ್ದರಿಂದ ಪಾಪ ಎಂದು ಬರೆಯುವುದಿಲ್ಲ. ಸೂಟ್‌ನಲ್ಲಿ ಉಳಿಯುವುದು ತಪ್ಪು, ಯಾರೂ ಹೋಗಬೇಡಿ ಎಂದೂ ಬರೆಯುವುದಿಲ್ಲ. ಹಡಗು ಖಾಲಿ ಹೋದರೆ ಮೊದಲು ಕೆಲಸ ಕಳೆದುಕೊಳ್ಳುವವನು ಅವನೇ. ಕೋವಿಡ್ ಕಾಲದಲ್ಲಿ ಹಡಗುಗಳು ನಿಂತಾಗ ಎಷ್ಟು ಹುಡುಗರು ಮನೆಯಲ್ಲಿ ಕೂತರು ಎಂಬುದನ್ನು ಕರಾವಳಿಯವರೆಲ್ಲ ನೋಡಿದ್ದೇವೆ. ನಾವು ಹೇಳುವುದು ಮೂರೇ ಮಾತು.

ಮೊದಲನೆಯದು ಹೋಗುವವರಿಗೆ. ಹೆಚ್ಚಿನ ಕಂಪನಿಗಳು ಬಿಲ್ಲಿನಲ್ಲಿ ತಲೆಗೆ ದಿನಕ್ಕಿಷ್ಟು ಎಂದು ಸೇವಾ ಶುಲ್ಕ ಸೇರಿಸುತ್ತವೆ. ಕೋಣೆ ಶುಚಿ ಮಾಡುವವರ, ಬಡಿಸುವವರ ಆದಾಯದಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಕೊನೆಯ ದಿನ ಕೌಂಟರಿಗೆ ಹೋಗಿ ಅದನ್ನು ತೆಗೆಸಿಹಾಕುವವರಿದ್ದಾರೆ. ಅದು ಉಳಿತಾಯದ ಜಾಣತನ ಎಂದು ಹೇಳಿಕೊಡುವ ವಿಡಿಯೊಗಳೂ ಇವೆ. ಸೂಟ್‌ಗೆ ದುಡ್ಡು ಕೊಟ್ಟವರು ಇಷ್ಟರಲ್ಲಿ ಉಳಿಸಬೇಡಿ. ನಿಮ್ಮ ಕೋಣೆ ನೋಡಿಕೊಳ್ಳುವವರ ಹೆಸರು ಕೇಳಿ. ಕಂಪನಿಗೆ ಬರೆಯುವ ಅಭಿಪ್ರಾಯದಲ್ಲಿ ಆ ಹೆಸರು ಬರೆಯಿರಿ. ಮುಂದಿನ ಕರಾರಿಗೆ ಅದು ಲೆಕ್ಕಕ್ಕೆ ಬರುತ್ತದೆ ಎಂದು ಗೆಳೆಯ ಹೇಳಿದ.

ಎರಡನೆಯದು ಕೆಲಸಕ್ಕೆ ಹೊರಟ ಊರಿನ ಹುಡುಗರಿಗೆ. ನಮ್ಮ ಗೆಳೆಯ ಪೇಟೆಯ ಒಬ್ಬ ಏಜೆಂಟರಿಗೆ ತರಬೇತಿ, ಪ್ರೊಸೆಸಿಂಗ್ ಎಂದು ಎರಡೂವರೆ ಲಕ್ಷ ಕೊಟ್ಟ. ಸೊಸೈಟಿಯಲ್ಲಿ ಸಾಲ. ಮೊದಲ ಕರಾರಿನ ಸಂಬಳ ಹೆಚ್ಚುಕಡಿಮೆ ಅದಕ್ಕೇ ಹೋಯಿತು. ಭಾರತ 2015ರಲ್ಲಿ ಆ ಕಡಲ ಕಾರ್ಮಿಕ ಒಪ್ಪಂದವನ್ನು ಒಪ್ಪಿಕೊಂಡಿದೆ. ಅದರ ಪ್ರಕಾರ ಹಡಗಿನಲ್ಲಿ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ದುಡ್ಡು ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ನಾವಿಕರ ಪುಸ್ತಕದ ಖರ್ಚು ಮಾತ್ರ ನಮ್ಮದು. ನೇಮಕಾತಿ ಮಾಡುವ ಏಜೆನ್ಸಿಗೆ ಕೇಂದ್ರದ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಡುವ ಪರವಾನಗಿ ಇರಬೇಕು. ದುಡ್ಡು ಎಣಿಸುವ ಮುಂಚೆ ಆ ಪರವಾನಗಿ ಸಂಖ್ಯೆ ಕೇಳಿ, ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿ. ಅದು ಐದು ನಿಮಿಷದ ಕೆಲಸ. ಇದನ್ನು ನಮ್ಮ ಗೆಳೆಯನಿಗೆ ಹೊತ್ತಿಗೆ ಸರಿಯಾಗಿ ಹೇಳಬೇಕಾಗಿದ್ದ ಪತ್ರಿಕೋದ್ಯಮ ಪದವೀಧರರು ನಾವೇ. ಹೇಳಲಿಲ್ಲ.

ಮೂರನೆಯದು ಬರೆಯುವವರಿಗೆ, ಎಂದರೆ ನಮಗೆ. ಕನ್ನಡದಲ್ಲಿ ಈಗ ಕ್ರೂಸ್ ಅನುಭವದ ಬರಹ, ರೀಲ್ಸ್ ಬೇಕಾದಷ್ಟು ಬರುತ್ತಿವೆ. ಎಷ್ಟು ಬಗೆಯ ಊಟ, ಎಷ್ಟು ಅಂತಸ್ತು, ಬಾಲ್ಕನಿಯಿಂದ ಸೂರ್ಯಾಸ್ತ ಎಲ್ಲ ಇರುತ್ತದೆ. ಊಟ ಬೇಯಿಸಿದವರು ಇರುವುದಿಲ್ಲ. ಪಣಂಬೂರಿನ ಸುದ್ದಿಯಲ್ಲಿ ನಾವು ಮಾಡಿದ್ದೂ ಇದನ್ನೇ. ಮುಂದಿನ ಸಲ ಹಡಗು ಬಂದಾಗ ಬಂದರಿನ ಗೇಟಿನ ಹೊರಗೆ ನಿಲ್ಲೋಣ. ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತಾ ಬರುವವರಲ್ಲಿ ಒಬ್ಬರನ್ನಾದರೂ ಮಾತಾಡಿಸೋಣ.

ಊರಿಗೆ ಬಂದ ಮೇಲೆ ಗೆಳೆಯ ಕೊಟ್ಟ ಚಾಕಲೇಟ್ ಪೊಟ್ಟಣ ಕೊಡಲು ಅವನ ಮನೆಗೆ ಹೋದೆವು. ಹೊಸ ಮಾಡಿನ ಕೆಳಗೆ ಕೂರಿಸಿ ಅಮ್ಮ ಎಲ್ಲ ವಿಚಾರಿಸಿದರು. ಕುಚ್ಚಲಕ್ಕಿ ಅನ್ನ ಸಿಗ್ತದಾ, ಸಪೂರ ಆಗಿದ್ದಾನಾ. ಆಮೇಲೆ, "ಅವನ ರೂಮಿಗೆ ಕಿಟಕಿ ಉಂಟಾ ಮಗಾ? ಸಣ್ಣದಿರುವಾಗ ಕಿಟಕಿ ಹಾಕಿದ್ರೆ ಅವನಿಗೆ ನಿದ್ದೆಯೇ ಬರ್ತಿರ್ಲಿಲ್ಲ" ಎಂದರು.

"ಉಂಟು ಅಮ್ಮ, ಸಮುದ್ರ ಕಾಣ್ತದೆ" ಎಂದುಬಿಟ್ಟೆವು. ನಾವು ಹೇಳಿದ್ದು ನಮ್ಮ ಸೂಟ್‌ನ ಕಿಟಕಿಯನ್ನು.

ಇಷ್ಟು ಬರೆದು ಪ್ರಕಟಿಸುವ ಮುಂಚೆ ಅವನಿಗೆ ಕಳಿಸಿದೆವು. ಎರಡು ದಿನ ಉತ್ತರ ಇರಲಿಲ್ಲ, ಹಡಗು ನಡು ಸಮುದ್ರದಲ್ಲಿತ್ತು. ಮೂರನೇ ದಿನ ಯಾವುದೋ ಬಂದರಿನಿಂದ ಮೆಸೇಜ್ ಬಂತು. "ಹಾಕಿ. ಕಿಟಕಿಯ ವಿಷಯ ತೆಗೀಬೇಡಿ. ಅಮ್ಮನಿಗೆ ನಾನೇ ಹೇಳ್ತೇನೆ."