ಹೆಡ್ಡು ಬದಲಾದರೆ ಗಾಡಿ ಬದಲಾಯಿತೇ?

ನಮ್ಮ ಮನೆಯಲ್ಲಿ ಅಜ್ಜನ ಜಾವಾ ಇದೆ. 1972ರ ಗಾಡಿ. ಅಜ್ಜ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು, ಮೇಲಿಂದ ಸಾಲವನ್ನೂ ಮಾಡಿ ಕೊಂಡದ್ದು. ಕಿಕ್ಕಿಗೂ ಗೇರಿಗೂ ಒಂದೇ ಲಿವರು, ಎರಡು ಸೈಲೆನ್ಸರು. "ನಮ್ಮ ಮೈಸೂರಲ್ಲಿ ಆದ ಗಾಡಿ ಮಾರಾಯ" ಎಂದು ಈಗಲೂ ಹೇಳುತ್ತಾರೆ. ಕುಂದಾಪುರದವರಿಗೆ ಮೈಸೂರು ಯಾವಾಗ ನಮ್ಮದಾಯಿತೋ, ಮುಂಬಯಿಗೆ ಬಂದ ಮೇಲೆ ಎಲ್ಲಾ ನಮ್ಮದೇ!

ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕ್ ವಿನ್ಯಾಸದ ಈ ಗಾಡಿಗಳನ್ನು ಮೈಸೂರಿನಲ್ಲಿ ತಯಾರಿಸಿತು. ಆಮೇಲೆ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದರೂ ಅದು ಫೋರ್ ಸ್ಟ್ರೋಕ್ ಇಂಜಿನ್ನು. ನಮ್ಮ ಟೂ ಸ್ಟ್ರೋಕಿಗೆ ಅದರ ಹೆಡ್ಡಿನಿಂದ ಏನೂ ಉಪಯೋಗವಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಗಾಡಿಯ ಹೆಡ್ಡು ಹೋಯಿತು. ಪ್ಲಗ್ಗಿನ ಥ್ರೆಡ್ಡು ಸವೆದು ಹಿಂದೆಯೇ ಬುಶ್ ಹಾಕಿಸಿದ್ದೆವು. ಈ ಸಲ ಬುಶ್ಶೇ ಕಿತ್ತು ಬಂತು, ಪಕ್ಕದಲ್ಲಿ ಬಿರುಕು ಬೇರೆ. ನಾನು ಕುರ್ಲಾದ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ, ಮೊದಲಿನ ಯೆಜ್ಡಿ 250ರ ಒಂದು ಹೆಡ್ಡು ತಂದೆ.

ಈಗ ತಕರಾರು ಇರುವುದು ಇಲ್ಲೇ. ನನ್ನ ಫೀಸಿಗೆಂದು ಅಪ್ಪ ಗಾಡಿ ಮಾರಲು ಹೊರಟಿದ್ದಾರೆ. ನೋಡಲು ಬಂದ ಗಿರಾಕಿ ಟಾರ್ಚು ಬಿಟ್ಟು ನೋಡಿ, "ಹೆಡ್ಡು ಒರಿಜಿನಲ್ ಅಲ್ಲ" ಎಂದು ಬೆಲೆ ಇಳಿಸಿದ. ಅಜ್ಜ ಎದ್ದು ಒಳಗೆ ಹೋದರು.

ಗಿರಾಕಿಯ ವಾದ ನನಗೆ ಒಪ್ಪಿಗೆಯಿಲ್ಲ. ಟೂ ಸ್ಟ್ರೋಕ್ ಹೆಡ್ಡಿನಲ್ಲಿ ವಾಲ್ವುಗಳಿಲ್ಲ. ಅದೊಂದು ಮುಚ್ಚಳ, ಒಳಗೆ ಬೆಂಕಿ ಹೊತ್ತುವ ಗುಳಿ, ನಡುವೆ ಪ್ಲಗ್ಗಿಗೆ ತೂತು. ಇಂಜಿನ್ ನಂಬರು ಇರುವುದು ಕೆಳಗೆ ಕ್ರ್ಯಾಂಕ್‌ಕೇಸಿನ ಮೇಲೆ. ಹೆಡ್ಡು ಬದಲಾದರೆ ಆರ್.ಸಿ. ಪುಸ್ತಕದ ಒಂದು ಅಕ್ಷರವೂ ಬದಲಾಗುವುದಿಲ್ಲ.

ಹಾಗೆಂದು ನಮ್ಮ ಮೆಕ್ಯಾನಿಕ್ಕಿನ ವಾದವನ್ನೂ ನಾನು ಒಪ್ಪುವವನಲ್ಲ. ಸ್ಟಡ್ಡುಗಳ ಮೇಲೆ ಹೆಡ್ಡು ಇಟ್ಟು, "ಬೈಠ್ ಗಯಾ ನಾ, ಚಲೇಗಾ" ಅಂದುಬಿಟ್ಟರು. ಕೂತರೆ ಸಾಕೇ? ಜಾವಾಕ್ಕೂ ಯೆಜ್ಡಿಗೂ ಬೋರು 65 ಮಿಲಿಮೀಟರು, ಸ್ಟ್ರೋಕು 75. ಅಂದರೆ ಪಿಸ್ಟನ್ ಓಡಾಡುವ ಜಾಗ ಸುಮಾರು 249 ಸಿ.ಸಿ. ಮೇಲಿನ ಗುಳಿ 40 ಸಿ.ಸಿ. ಇದ್ದರೆ ಕಂಪ್ರೆಶನ್ನು 7.2ಕ್ಕೆ 1, ಗುಳಿ 32 ಇದ್ದರೆ 8.8. ಕಣ್ಣಿಗೆ ಎರಡೂ ಒಂದೇ ಥರ. ಆದರೆ ಎರಡನೆಯದನ್ನು ಹಳೇ ಇಂಜಿನ್ನಿಗೆ ಹಾಕಿ ಫ್ಲೈಓವರ್ ಏರಿಸಿ ನೋಡಿ, ಒಳಗಿನಿಂದ ಕಟಕಟ ಸದ್ದು ಬರಬಹುದು. ಅದೇ ಮುಂದುವರಿದರೆ ಪಿಸ್ಟನ್ ತಲೆಗೇ ತೂತು. ಪ್ಲಗ್ಗಿನ ಉದ್ದವೂ ಹಾಗೇ. ಅರ್ಧ ಇಂಚಿನ ಥ್ರೆಡ್ಡಿನ ಜಾಗಕ್ಕೆ ಮುಕ್ಕಾಲು ಇಂಚಿನ ಪ್ಲಗ್ಗು ಹಾಕಿದರೆ ತುದಿ ಒಳಗೆ ಇಳಿದು ಪಿಸ್ಟನ್ನಿಗೆ ತಾಗಬಹುದು.

ನಾನು ಕಾಮರ್ಸ್ ಹುಡುಗ, ಅದರಲ್ಲೂ ಕನ್ನಡ ಮೀಡಿಯಮ್ಮಿನವ. ಆದರೂ ಅಳೆಯಲು ಬರುತ್ತದೆ. ಹೆಡ್ಡನ್ನು ತಲೆಕೆಳಗಾಗಿ ಸಮನಾಗಿಟ್ಟು, ಪ್ಲಗ್ಗು ಹಾಕಿ, ಬಿರುಕಿಗೆ ಗ್ರೀಸು ಮೆತ್ತಿ, ಮೇಲೆ ತೂತಿರುವ ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ ಸಿರಿಂಜಿನಿಂದ ತೆಳು ಎಣ್ಣೆ ತುಂಬಿದೆ. ಎರಡು ಹೆಡ್ಡಿಗೂ ಎರಡೇ ಸಿ.ಸಿ. ವ್ಯತ್ಯಾಸ. ಗಾಜಿನ ಮೇಲೆ ಎಮರಿ ಕಾಗದ ಹಾಸಿ ಮುಖ ತಿಕ್ಕಿ ಸಮ ಮಾಡಿ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಮೆಕ್ಯಾನಿಕ್ಕು ನಕ್ಕರು. ನಗಲಿ.

ಒರಿಜಿನಲ್ ಬೇಕು ಅನ್ನುವವರಿಗೂ ಕಾರಣ ಇಲ್ಲದಿಲ್ಲ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿದ, ದೊಡ್ಡ ಮಾರ್ಪಾಡಿಲ್ಲದ ಗಾಡಿಗೆ ವಿಂಟೇಜ್ ನಂಬರು ಸಿಗುತ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ. ಅಜ್ಜನಿಗೆ ಪ್ರದರ್ಶನ ಯಾಕೆ? ಭಾನುವಾರ ಬೆಳಿಗ್ಗೆ ನಾನು ಓಡಿಸಬೇಕು, ಅವರು ಹಿಂದೆ ಕೂತು ಚೆಂಬೂರಿನಿಂದ ಮಾಟುಂಗಕ್ಕೆ ಹೂವು ತರಲು ಹೋಗಬೇಕು, ಅಷ್ಟೇ. ಗಾಡಿಯ ಬೆಲೆ ಕಟ್ಟುವಾಗ ಈ ಓಟಕ್ಕೆ ಯಾವ ಕಾಲಮ್ಮು ಎಂದು ನಮ್ಮ ಅಕೌಂಟ್ಸ್ ಸರ್ ಹೇಳಿಕೊಟ್ಟಿಲ್ಲ.

ಮುಚ್ಚಿಟ್ಟು ಮಾರುವುದು ಮಾತ್ರ ಮೋಸ. ಅದಕ್ಕೇ ಹಳೇ ಹೆಡ್ಡನ್ನು ಗುಜರಿಗೆ ಕೊಡದೆ, ಎಣ್ಣೆ ಸವರಿ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಯಾವತ್ತು ತೆಗೆದದ್ದು, ಯಾಕೆ ತೆಗೆದದ್ದು, ಎಷ್ಟು ಸಿ.ಸಿ. ಎಂದು ಮೇಲೆ ಚೀಟಿ ಅಂಟಿಸಿದೆ. ಅಜ್ಜ ಅದನ್ನು ಓದಿ ಪೆನ್ನು ಕೇಳಿದರು. ಕೆಳಗೆ ಅವರದೊಂದು ಸಹಿ. ಮುಂದಿನ ಗಿರಾಕಿ ಬಂದಾಗ ಮೊದಲು ಆ ಪೊಟ್ಟಣವನ್ನೇ ತೋರಿಸುತ್ತೇನೆ ಎಂದು ಅಪ್ಪನಿಗೆ ಹೇಳಿದ್ದೇನೆ. ಅಪ್ಪ ಇನ್ನೂ ಏನೂ ಹೇಳಿಲ್ಲ.