‘ಸಿಗ್ನಲ್ ನಿಮ್ಮ ಜವಾಬ್ದಾರಿ’ ಅನ್ನೋ ರೂಲ್ ಕಿತ್ತು ಹಾಕಿ

1/5
ರೋಬೋ ಸಾಕರ್ ಆಡೋರು ಈ ಥರದ ರೂಲ್ ಕೇಳೇ ಇರ್ತೀರಿ: ಸಿಗ್ನಲ್ ತೊಂದರೆಯಾದರೆ ಆಯಾ ತಂಡವೇ ಹೊಣೆ. ಕೇಳೋಕೆ ಶಿಸ್ತಿನ ಮಾತು. ಆದರೆ ಐಆರ್ ರಿಮೋಟ್ ಹಿಡಿದು ಆಡುವ ಪಂದ್ಯದಲ್ಲಿ ಇದು ಅನ್ಯಾಯ. ಯಾಕೆ ಅಂತ ಹೇಳ್ತೀನಿ. ಒಪ್ಪದಿದ್ರೆ ಕಾಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ 👇

2/5
ಇದು ಮನೆಯ ಟಿವಿ ರಿಮೋಟ್ ಥರಾನೇ. ಕಣ್ಣಿಗೆ ಕಾಣದ ಬೆಳಕು, ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿನುಗುತ್ತೆ. ರಿಸೀವರ್ ಆ ಮಿನುಗನ್ನ ಹಿಡಿಯುತ್ತೆ, ಯಾರ ರಿಮೋಟ್ ಅಂತ ಕೇಳಲ್ಲ. ಅದನ್ನ ಕೇಳಬೇಕಾದ್ದು ನಿಮ್ಮ ಕೋಡ್. ಕಿಟ್‌ಗಳಲ್ಲಿ ತುಂಬಾ ಬಳಸೋ ಎನ್‌ಇಸಿ ಪದ್ಧತಿಯಲ್ಲಿ ಪ್ರತಿ ಸಂದೇಶಕ್ಕೂ ಒಂದು ವಿಳಾಸ, ಒಂದು ಆಜ್ಞೆ ಇರುತ್ತೆ. ಇಬ್ಬರೂ ಒಂದೇ ಥರದ ಕಿಟ್ ತಂದಿದ್ರೆ ವಿಳಾಸವೂ ಒಂದೇ ಇರಬಹುದು. ಆಗ ನೀವು ‘ಮುಂದೆ’ ಒತ್ತಿದ್ರೆ ಎದುರಾಳಿಯ ರೋಬೋನೂ ಓಡುತ್ತೆ!

3/5
“ವಿಳಾಸ ಬದಲಾಯಿಸಿಕೊಳ್ಳಿ, ಮುಗೀತು” ಅಂತೀರಾ? ಅರ್ಧ ಮಾತ್ರ ಮುಗೀತು. ಒಂದು ಎನ್‌ಇಸಿ ಸಂದೇಶಕ್ಕೆ ಸುಮಾರು 68 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಇನ್ನೊಬ್ಬರು ಒತ್ತಿದ್ರೆ ಎರಡೂ ಕಲಸಿಹೋಗುತ್ತೆ. ಸಂತೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಿದ ಹಾಗೆ, ಯಾರ ಹೆಸರು ಕರೆದ್ರು ಅಂತಾನೇ ಗೊತ್ತಾಗಲ್ಲ.

ಲೆಗೋದವರು ಪವರ್ ಫಂಕ್ಷನ್ಸ್ ರಿಮೋಟ್‌ನಲ್ಲಿ ಇದಕ್ಕೊಂದು ಉಪಾಯ ಮಾಡಿದ್ರು. 4 ಚಾನೆಲ್. ಒಂದೇ ಸಂದೇಶ 5 ಸಲ ಹೋಗುತ್ತೆ, ನಡುವಿನ ಬಿಡುವು ಒಂದೊಂದು ಚಾನೆಲ್‌ಗೆ ಒಂದೊಂದು ಥರ. ಒಂದು ಡಿಕ್ಕಿ ಹೊಡೆದ್ರೂ ಇನ್ನೊಂದು ದಾಟೋ ಸಾಧ್ಯತೆ ಜಾಸ್ತಿ. ಗಮನಿಸಿ: ಎಲ್ಲ ರಿಮೋಟ್‌ಗಳೂ ಒಂದೇ ಶಿಸ್ತಿಗೆ ಒಪ್ಪಿದ್ದಕ್ಕೇ ಇದು ನಡೆಯುತ್ತೆ. ಒಂದು ತಂಡ ಒಂಟಿಯಾಗಿ ಏನು ಮಾಡೋಕಾಗುತ್ತೆ?

4/5
“ಹಾಗಾದ್ರೆ ಐಆರ್ ಬ್ಯಾನ್ ಮಾಡಿ, ಎಲ್ಲರೂ ರೇಡಿಯೋ ತರಲಿ.” ರೇಡಿಯೋ ಇದಕ್ಕಿಂತ ಒಳ್ಳೇದು, ಒಪ್ಪಿದೆ. ಆದರೆ ಅಗ್ಗದ ಕಿಟ್‌ನಲ್ಲಿ ಕಲಿಯೋ ಫಸ್ಟ್ ಇಯರ್ ಹುಡುಗ ಹುಡುಗಿಯರನ್ನ ಬಾಗಿಲಲ್ಲೇ ನಿಲ್ಲಿಸಿ ಯಾವ ಸ್ಪರ್ಧೆ ನಡೆಸ್ತೀರಿ? ದುಡ್ಡಿದ್ದೋರ ಸ್ಪರ್ಧೆನಾ?

ಇನ್ನೊಂದು ಮಾತು. ಎದುರಾಳಿಯ ಕೋಡ್ ಹಿಡಿದು ಅವರ ರೋಬೋ ನಿಲ್ಲಿಸೋದನ್ನ ‘ಸ್ಟ್ರಾಟಜಿ’ ಅಂತ ಕರೀಬೇಡಿ. ಅದು ಮೋಸ. ‘ಸಿಗ್ನಲ್ ನಿಮ್ಮ ಜವಾಬ್ದಾರಿ’ ಅನ್ನೋ ರೂಲ್ ಇಂಥವರಿಗೇ ರಕ್ಷಣೆ.

5/5
ಅಂಕಣದ ಬೆಳಕು ಊರ ಕೆರೆ ಇದ್ದ ಹಾಗೆ. ಎಲ್ಲರೂ ಬಳಸ್ತಾರೆ, ಹಾಗಾಗಿ ಎಲ್ಲರೂ ಕಾಯಬೇಕು.

ಆಯೋಜಕರೇ, ನಮಗೆ ಬೇಕಿರೋದು ಇಷ್ಟೇ:
▪️ ನೋಂದಣಿ ದಿನವೇ ವಿಳಾಸ ಹಂಚಿ. 8 ಬಿಟ್ ಅಂದ್ರೆ 256 ವಿಳಾಸ. ಅಷ್ಟು ತಂಡ ಬರುತ್ತಾ ನಿಮ್ಮ ಫೆಸ್ಟ್‌ಗೆ?
▪️ ಕಿಟ್ ರಿಮೋಟ್‌ನ ವಿಳಾಸ ಬದಲಿಸೋಕಾಗದೆ ಇದ್ರೆ, ಒಂದೇ ವಿಳಾಸದವರನ್ನ ಒಂದೇ ಪಂದ್ಯಕ್ಕೆ ಹಾಕಬೇಡಿ.
▪️ ಆಡದ ತಂಡಗಳ ರಿಮೋಟ್ ಮೇಜಿನ ಮೇಲಿರಲಿ.
▪️ ಅಂಕಣದ ಮೇಲೆ ನೇರ ಬಿಸಿಲು ಬೀಳದಿರಲಿ. ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆ.
▪️ ಶುರುವಾಗೋ ಮುಂಚೆ ಎಲ್ಲ ರಿಮೋಟ್ ಒಟ್ಟಿಗೆ ಒತ್ತಿಸಿ ನೋಡಿ.

ನಮ್ಮ ಪಾಲೂ ಇದೆ: ಕೋಡ್‌ನಲ್ಲಿ ಆಜ್ಞೆ ಜೊತೆ ವಿಳಾಸನೂ ಚೆಕ್ ಮಾಡಿ. ಸಿಗ್ನಲ್ ನಿಂತ್ರೆ ರೋಬೋ ತಾನೇ ನಿಲ್ಲೋ ಹಾಗೆ ಬರೀರಿ.

ಸೋಲೋದಾದ್ರೆ ಆಟದಲ್ಲಿ ಸೋಲೋಣ, ಪಕ್ಕದವರ ರಿಮೋಟ್‌ಗಲ್ಲ. ನಿಮ್ಮ ಫೆಸ್ಟ್ ಕೋಆರ್ಡಿನೇಟರ್‌ನ ಟ್ಯಾಗ್ ಮಾಡಿ 🤖

#ರೋಬೋಸಾಕರ್ #ಐಆರ್‌ರಿಮೋಟ್ #ಕನ್ನಡದಲ್ಲಿಟೆಕ್